ಒಂಬತ್ತು ನಲವತ್ತರ ತಿದ್ದುಪಡಿ

ಅವರಿಬ್ಬರ ಮೊದಲ ಮಾತೇ ಜಗಳ.

ಕೆಲಸಕ್ಕೆ ಸೇರಿದ ಮೂರನೇ ದಿನ ಅವನು ಕೈಯಲ್ಲೊಂದು ಪ್ರಿಂಟ್ ಹಿಡಿದುಕೊಂಡು ಅವಳ ಮೇಜಿನ ಮುಂದೆ ಬಂದು ನಿಂತ.

"ರೀ, ಈ ಕನೆಕ್ಟರ್ ನೀವು ಮಾಡಿದ್ದಾ? ಎಡಗಡೆ ಇರಬೇಕಾದ ಒಂದನೇ ಕಾಲು ಬಲಗಡೆ ಇದೆ. ಪೂರ್ತಿ ಉಲ್ಟಾ."

ಅವಳು ತಲೆ ಎತ್ತಲಿಲ್ಲ. ಡ್ರಾಯರ್ ಎಳೆದು ಉಗುರಿನಷ್ಟು ದೊಡ್ಡ ಕನೆಕ್ಟರ್ ಒಂದನ್ನು ತೆಗೆದು ಅವನ ಅಂಗೈಗೆ ಹಾಕಿದಳು. "ಕಾಲು ನಿಮ್ಮ ಕಡೆ ಇರೋ ಹಾಗೆ ಹಿಡ್ಕೊಳ್ಳಿ. ಒಂದನೇದು ಎಲ್ಲಿದೆ?"

"ಎಡಗಡೆ. ಅದನ್ನೇ ಅಲ್ವಾ ನಾನು ಹೇಳಿದ್ದು?"

"ಈಗ ಅದನ್ನ ಬೋರ್ಡ್ ಮೇಲೆ ಕೂರಿಸಿ."

ಕೂರಿಸಬೇಕಾದರೆ ಮಗುಚಬೇಕು. ಮಗುಚಿದ. ಒಂದನೇ ಕಾಲು ಸದ್ದಿಲ್ಲದೆ ಬಲಕ್ಕೆ ಹೋಯಿತು.

"ನೀವು ನೋಡಿದ್ದು ಹೊಟ್ಟೆ ಕಡೆಯಿಂದ, ನಾನು ಬರೆದದ್ದು ಬೆನ್ನ ಕಡೆಯಿಂದ," ಎಂದು ಅವಳು ಆಗ ತಲೆ ಎತ್ತಿದಳು. ಅವಳಿಗೆ ಮೊದಲು ಕಂಡದ್ದು ಅವನ ಕಿವಿ. ತುದಿಯಲ್ಲಿ ಕೆಂಪಗಾಗಿತ್ತು. ಗಂಡಸರಿಗೆ ಹಾಗೆ ನಾಚಿಕೆಯಾದದ್ದನ್ನು ಅವಳು ಆ ಆಫೀಸಿನಲ್ಲಿ ನೋಡಿಯೇ ಇರಲಿಲ್ಲ. ತಪ್ಪಾದಾಗ ದನಿ ಏರಿಸುವವರನ್ನು ಮಾತ್ರ ಬೇಕಾದಷ್ಟು ನೋಡಿದ್ದಳು.

"ಸೋತೆ," ಎಂದ. "ಟೀ ನನ್ನ ಕಡೆಯಿಂದ."

ತಪ್ಪೊಪ್ಪಿಕೊಳ್ಳಲು ಅರ್ಧ ನಿಮಿಷವೂ ತೆಗೆದುಕೊಳ್ಳದ ಹುಡುಗ ಎಂದು ಅವಳು ಅಂದೇ ಮನಸ್ಸಿನಲ್ಲಿ ಅವನಿಗೊಂದು ಜಾಗ ಕೊಟ್ಟುಬಿಟ್ಟಳು. ಮನಸ್ಸು ಕೊಡುವಾಗ ಯಾರೂ ಎರಡನೇ ಸಲ ಪರೀಕ್ಷೆ ಮಾಡುವುದಿಲ್ಲ.

ಅದು ಮೊಟ್ಟೆಗೆ ಕಾವು ಕೊಡುವ ಯಂತ್ರಗಳನ್ನು ಮಾಡುವ ಪುಟ್ಟ ಕಂಪನಿ. ಎರಡು ಅಂತಸ್ತು, ಹದಿನೆಂಟು ಜನ. ಯಂತ್ರದೊಳಗಿನ ಬೋರ್ಡಿನ ಸರ್ಕ್ಯೂಟ್ ಚಿತ್ರ ಬರೆಯುವುದು ಅವನ ಕೆಲಸ. ಆ ಚಿತ್ರದಲ್ಲಿ ಪ್ರತಿ ಬಿಡಿಭಾಗಕ್ಕೂ ಒಂದು ಗುರುತು, ಅದೇ ಸಿಂಬಲ್. ಆ ಬಿಡಿಭಾಗ ನಿಜವಾಗಿ ಬೋರ್ಡಿನ ಮೇಲೆ ಕಾಲೂರಿ ಕೂರಲು ಬೇಕಾದ ತಾಮ್ರದ ಪುಟ್ಟ ಪುಟ್ಟ ಚುಕ್ಕೆಗಳನ್ನು ಅಳತೆ ಹಿಡಿದು ಬರೆಯುವುದು ಅವಳ ಕೆಲಸ. ಅದು ಫುಟ್‌ಪ್ರಿಂಟ್. ಚುಕ್ಕೆಯಿಂದ ಚುಕ್ಕೆಗೆ ತಾಮ್ರದ ದಾರಿ ಎಳೆಯುವುದೂ ಅವಳೇ. ಸಿಂಬಲ್ಲಿನ ಎರಡನೇ ಕಾಲು ಫುಟ್‌ಪ್ರಿಂಟಿನ ಎರಡನೇ ಚುಕ್ಕೆಗೆ ಹೋಗುತ್ತದೆ. ಸಾಫ್ಟ್‌ವೇರ್ ನೋಡುವುದು ನಂಬರನ್ನು ಮಾತ್ರ. ನಂಬರು ಹೊಂದಿಕೊಂಡರೆ ಸಾಕು, ಕಾಲಿನ ಹೆಸರು ಯಾವುದಾದರೂ ಸರಿಯೇ, ಅದು ಹಸಿರು ದೀಪ ತೋರಿಸಿ ಕೈ ತೊಳೆದುಕೊಳ್ಳುತ್ತದೆ.

ಹಾಗಾಗಿ ಆ ಆಫೀಸಿನಲ್ಲೊಂದು ಪದ್ಧತಿ ಇತ್ತು. ಬೋರ್ಡು ಅಚ್ಚಿಗೆ ಹೋಗುವ ಮುನ್ನ ಇಬ್ಬರು ಎದುರುಬದುರು ಕೂತು ಪ್ರತಿ ಕಾಲನ್ನೂ ಬಾಯಿಬಿಟ್ಟು ಓದಬೇಕು. ಒಬ್ಬರು ಚಿತ್ರ ನೋಡಿ ನಂಬರು ಹೇಳುವುದು, ಇನ್ನೊಬ್ಬರು ತಯಾರಕರ ಕಾಗದ ನೋಡಿ ಹೆಸರು ಹೇಳುವುದು, ಹೊಂದಿದರೆ ಟಿಕ್. ಕೊನೆಗೆ ಇಬ್ಬರ ಸಹಿ. ಸಹಿಯಾದ ಮೇಲೆ ಒಂದು ಗೆರೆ ಅಲುಗಾಡಿದರೂ ಮತ್ತೆ ಓದಬೇಕು. ಇದಕ್ಕೆ ಎಲ್ಲರೂ ಓದಾಟ ಎನ್ನುತ್ತಿದ್ದರು, ಎಲ್ಲರಿಗೂ ಅದು ಬೇಸರದ ಕೆಲಸ.

ಇವರಿಬ್ಬರಿಗೆ ಮಾತ್ರ ಅದು ಹಬ್ಬವಾಗಿತ್ತು.

"ಯು ಮೂರು ಅನ್ನೋ ಪಾರ್ಟು, ಕಾಲು ಒಂದು."

"ವಿದ್ಯುತ್."

"ಎರಡು."

"ನೆಲ."

"ಮೂರು... ನಿನ್ನ ಕೆನ್ನೆ ಮೇಲೆ ಪೆನ್ನಿನ ಗುರುತಿದೆ."

"ಚಿತ್ರ ನೋಡಿ ಓದು, ನನ್ನ ಮುಖ ನೋಡಿ ಅಲ್ಲ."

"ಚಿತ್ರಕ್ಕಿಂತ ಇದು ಚೆನ್ನಾಗಿದೆ, ಏನು ಮಾಡ್ಲಿ?"

ಹೆಜ್ಜೆಗುರುತು ಬರೆಯುವವಳೆಂದು ಅವನು ಅವಳಿಗೆ ‘ಹೆಜ್ಜೆ’ ಎಂದು ಹೆಸರಿಟ್ಟ. ಗೆರೆ ಎಳೆಯುವುದರಲ್ಲಿ ಅವನಿಗಿದ್ದ ಹುಚ್ಚು ನೋಡಿ ಅವಳು ಅವನಿಗೆ ‘ಗೆರೆರಾಯ’ ಎಂದು ಇಟ್ಟಳು. ಅವನ ಚಿತ್ರದಲ್ಲಿ ಒಂದು ಗೆರೆ ಇನ್ನೊಂದನ್ನು ದಾಟಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ನೀವು ಹೋಗಿ ನೀನು ಬಂದದ್ದು ಯಾವಾಗ ಎಂದು ಇಬ್ಬರಿಗೂ ನೆನಪಿಲ್ಲ. ಪಕ್ಕದ ಕೋಣೆಯಲ್ಲಿ ಬೋರ್ಡಿಗೆ ಬಿಡಿಭಾಗಗಳನ್ನು ಬೆಸೆಯುತ್ತಿದ್ದ ಸೋಲ್ಡರ್ ಅಕ್ಕ ಮಾತ್ರ ಎಲ್ಲದರ ಲೆಕ್ಕ ಇಟ್ಟಿದ್ದಳು. "ನೂರಾ ನಲವತ್ತು ಪಾರ್ಟ್ ಓದೋಕೆ ಮೂರು ಮಧ್ಯಾಹ್ನ ಬೇಕೇನ್ರೇ? ನಾನಾಗಿದ್ರೆ ಅಷ್ಟರಲ್ಲಿ ಮದುವೇನೇ ಮುಗಿಸ್ತಿದ್ದೆ," ಎಂದು ಕಾಲೆಳೆಯುತ್ತಿದ್ದಳು.

ಮದುವೆಯ ಮಾತೂ ದೂರವಿರಲಿಲ್ಲ. ಮುಂದಿನ ತಿಂಗಳ ಮೊದಲ ಭಾನುವಾರ ಅವನ ಅಕ್ಕ ಭಾವ ಅವಳ ಮನೆಗೆ ಬರುವುದೆಂದು ಗೊತ್ತಾಗಿತ್ತು. ಅವಳ ಅಮ್ಮ ಆಗಲೇ ಕಿಟಕಿ ಪರದೆಗಳನ್ನು ಒಗೆಯಲು ಶುರುಮಾಡಿದ್ದಳು.

ಮೂರು ಮಧ್ಯಾಹ್ನ ಹಿಡಿದ ಆ ಹೊಸ ಬೋರ್ಡಿನ ಓದಾಟ ಮುಗಿದು ಸಹಿ ಬಿದ್ದ ಮಾರನೆಯ ಬೆಳಿಗ್ಗೆ ಅವಳ ಕಂಪ್ಯೂಟರ್ ಪರದೆಯ ಮೇಲೆ ಒಂದು ಸೂಚನೆ ಬಂತು: ಚಿತ್ರ ಬದಲಾಗಿದೆ, ಅಪ್‌ಡೇಟ್ ಮಾಡಿ. ಮಾಡಿದಳು. ‘ಕ್ಯೂ ಏಳು’ ಎಂಬ ಮೂರು ಕಾಲಿನ ಪುಟ್ಟ ಟ್ರಾನ್ಸಿಸ್ಟರ್ ಹತ್ತಿರ ಎರಡು ದಾರಿಗಳು ಕಡಿದುಹೋಗಿ ಅದಲುಬದಲಾಗಿ ನಿಂತಿದ್ದವು. ಹೀಟರನ್ನು ಹಚ್ಚಿ ಆರಿಸುವ ಟ್ರಾನ್ಸಿಸ್ಟರ್ ಅದೇ.

ಅವಳು ಕುರ್ಚಿ ತಳ್ಳಿಕೊಂಡು ಅವನ ಮೇಜಿಗೆ ಹೋದಳು. "ಏನೋ ಇದು? ಕ್ಯೂ ಏಳರಲ್ಲಿ ಎರಡು ಗೆರೆ ಬಿಟ್ಕೊಂಡಿವೆ."

"ಹಳೇ ಸಿಂಬಲ್ ಅಸಹ್ಯವಾಗಿತ್ತು. ಗೆರೆ ದಾಟ್ತಾ ಇತ್ತು. ನಿನ್ನೆ ಸಂಜೆ ಚೆಂದಾಗಿ ಬೇರೆ ಬರೆದೆ, ಅಷ್ಟೇ. ನೀನು ಎರಡು ದಾರಿ ಎಳೆದುಬಿಡು."

"ಮತ್ತೆ ಓದೋಣ್ವಾ?"

"ಒಂದು ಗೆರೆಗೆ ಓದಾಟನಾ?" ಅವನು ಹುಬ್ಬು ಹಾರಿಸಿದ, ಅವಳ ಕುರ್ಚಿಯ ಕೈಹಿಡಿಯನ್ನು ಹಿಡಿದು ತನ್ನ ಹತ್ತಿರಕ್ಕೆ ಎಳೆದುಕೊಂಡ. "ನನ್ನ ಮೇಲೆ ನಂಬಿಕೆ ಇಲ್ವಾ, ಹೆಜ್ಜೆ?"

ಇತ್ತು. ಅದೇ ಆದ ತಪ್ಪು. ಅವಳು ನಕ್ಕು, ಅವನ ಕೈ ಮೇಲೊಂದು ಏಟು ಕೊಟ್ಟು, ತನ್ನ ಜಾಗಕ್ಕೆ ಬಂದು ಎರಡು ದಾರಿಗಳನ್ನು ಎಳೆದಳು. ಹಸಿರು ದೀಪ ಬಂತು. ಫೈಲು ಅಚ್ಚಿಗೆ ಹೋಯಿತು.

ಬೋರ್ಡುಗಳು ಬಂದವು, ಅರವತ್ತು. ಸೋಲ್ಡರ್ ಅಕ್ಕ ನಾಲ್ಕು ದಿನ ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಎಲ್ಲವನ್ನೂ ಬೆಸೆದಳು. ಆಫೀಸಿನ ಮುಖ್ಯಸ್ಥರಾದ ಚೀಫ್ ಒಂದು ಬೋರ್ಡನ್ನು ಯಂತ್ರಕ್ಕೆ ಹಾಕಿ, ತಾವೇ ಕೈಯಾರೆ ಹನ್ನೆರಡು ಮೊಟ್ಟೆಗಳನ್ನು ಜೋಡಿಸಿ, ಬಾಗಿಲು ಮುಚ್ಚಿ ಮನೆಗೆ ಹೋದರು. ಬೆಳಿಗ್ಗೆ ತೆರೆದರೆ ಒಳಗಿನಿಂದ ಬಿಸಿಗಾಳಿ ಮುಖಕ್ಕೆ ರಾಚಿತು. ಹೀಟರ್ ಒಮ್ಮೆಯೂ ಆರಿರಲಿಲ್ಲ. ಮರಿಯಾಗಬೇಕಾದ ಹನ್ನೆರಡೂ ಬೆಂದು ಕೂತಿದ್ದವು.

"ಉಪ್ಪು ಖಾರ ಇದೆಯಾ ಯಾರ ಹತ್ರಾದ್ರೂ?" ಎಂದರು ಚೀಫ್. ಯಾರೂ ನಗಲಿಲ್ಲ.

ಹತ್ತೂವರೆಗೆ ಮೀಟಿಂಗ್. ಟ್ರಾನ್ಸಿಸ್ಟರಿನ ಎರಡನೇ ಕಾಲಿಗೆ ಹೋಗಬೇಕಾದದ್ದು ಮೂರನೆಯದಕ್ಕೆ, ಮೂರನೆಯದಕ್ಕೆ ಹೋಗಬೇಕಾದದ್ದು ಎರಡಕ್ಕೆ ಹೋಗಿದೆ ಎಂದು ಅಳೆದು ನೋಡಿ ಆಗಿತ್ತು. ಯಾಕೆ ಎಂಬುದೊಂದೇ ಉಳಿದಿತ್ತು.

ಗೆರೆರಾಯ ಎದ್ದು ನಿಂತು ಓದಾಟದ ಹಾಳೆಯನ್ನು ಮೇಜಿನ ಮೇಲಿಟ್ಟ. "ಕ್ಯೂ ಏಳು ಸರ್. ಒಂದನೇ ಕಾಲು ಗೇಟ್, ಎರಡನೇದು ಸೋರ್ಸ್, ಮೂರನೇದು ಡ್ರೇನ್. ಸರಿಯಾಗೇ ಓದಿದ್ದೀವಿ. ಇಬ್ಬರ ಸಹೀನೂ ಇದೆ. ಈಗ ಚಿತ್ರದಲ್ಲೂ ಹಾಗೇ ಇದೆ, ನೋಡಿ." ಗೋಡೆಯ ಮೇಲಿನ ಪರದೆಯಲ್ಲಿ ಚಿತ್ರ ತೋರಿಸಿದ. ಹೌದು, ಸರಿಯಾಗಿತ್ತು.

"ಹಾಳೆ ಸರಿ ಇದೆ. ಚಿತ್ರ ಸರಿ ಇದೆ. ಬೋರ್ಡ್ ತಪ್ಪಿದೆ," ಎಂದರು ಚೀಫ್ ನಿಧಾನಕ್ಕೆ. "ಹಾಗಾದ್ರೆ ನಡುವೆ ಇರೋದು ಯಾರು?"

ಎಲ್ಲರ ಕಣ್ಣೂ ಅವಳ ಕಡೆ ತಿರುಗಿತು. ಅವಳು ಮಾತ್ರ ಅವನನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾನೆ, ‘ಸರ್, ಸಹಿಯಾದ ಮೇಲೆ ನಾನು ಸಿಂಬಲ್ ಮುಟ್ಟಿದ್ದೆ’ ಎಂದು ಈಗ ಹೇಳುತ್ತಾನೆ ಎಂದು ಕಾದಳು. ಅವನು ಹಾಳೆಯ ಮೂಲೆಯನ್ನು ಬೆರಳಲ್ಲಿ ನೇವರಿಸುತ್ತ ನಿಂತಿದ್ದ. ಮರುಕ್ಷಣ ಅವಳಿಗೆ ತನ್ನ ಮೇಲೆಯೇ ಅನುಮಾನ ಬಂತು. ಚಿತ್ರ ಸರಿಯಾಗಿಯೇ ಇದೆಯಲ್ಲ, ತಾನೇ ದಾರಿ ಎಳೆಯುವಾಗ ಎಡವಟ್ಟು ಮಾಡಿದೆನೇ? ಹಾಗೆಂದುಕೊಂಡದ್ದೇ ಅವಳ ಬಾಯಿಗೆ ಬೀಗ ಬಿತ್ತು.

"ನೋಡಮ್ಮ," ಎಂದರು ಚೀಫ್, "ಇನ್ಮೇಲೆ ನಿನ್ನ ಫುಟ್‌ಪ್ರಿಂಟ್ ಮೇಲೆ ನಿನ್ನ ಸಹಿ ನಡೆಯಲ್ಲ. ಬೇರೆಯವರು ನೋಡಿ ಸಹಿ ಹಾಕ್ಲಿ."

"ನಾನು ನೋಡ್ತೀನಿ ಸರ್," ಎಂದ ಗೆರೆರಾಯ. "ಅವರಿಗೂ ಇರಿಸುಮುರುಸು ಆಗಲ್ಲ."

ಅದೆಷ್ಟು ಮೃದುವಾಗಿ ಹೇಳಿದನೆಂದರೆ, ಅವಳಿಗೆ ಕಣ್ಣಲ್ಲಿ ನೀರು ಬಂದು ಕೃತಜ್ಞತೆಯೇ ಉಕ್ಕಿತು. ಆಮೇಲೆ ನೆನೆಸಿಕೊಂಡಾಗಲೆಲ್ಲ ಅವಳಿಗೆ ಹೆಚ್ಚು ನಾಚಿಕೆಯಾಗುತ್ತಿದ್ದದ್ದು ಆ ಕೃತಜ್ಞತೆಗೆ.

ಮಧ್ಯಾಹ್ನ ಸೋಲ್ಡರ್ ಅಕ್ಕನ ಕೋಣೆಗೆ ಹೋದಳು. ಅಕ್ಕ ಅರವತ್ತು ಬೋರ್ಡುಗಳನ್ನೂ ಗುಡ್ಡೆ ಹಾಕಿಕೊಂಡು, ಒಂದೊಂದರಲ್ಲೂ ಎರಡು ಕಾಲು ಮೇಲೆತ್ತಿ ಕೂದಲೆಳೆಯಂಥ ತಂತಿ ಹಾಕಿ ದಾರಿ ಬದಲಿಸುತ್ತಿದ್ದಳು.

"ನನ್ನಿಂದ ನಿನಗೆ ಎಷ್ಟು ಕೆಲಸ ಆಯ್ತಕ್ಕಾ."

"ನಿನ್ನಿಂದ ಅಂತ ಯಾರು ಹೇಳಿದ್ದು? ಹತ್ತು ವರ್ಷದಿಂದ ನಿನ್ನ ಬೋರ್ಡಿಗೆ ಬೆಸುಗೆ ಹಾಕ್ತಿದೀನಿ, ಒಂದು ಕಾಲು ಆಚೀಚೆ ಆಗಿದ್ದು ನೋಡಿಲ್ಲ." ಅಕ್ಕ ಭೂತಗನ್ನಡಿ ಮೇಲೆತ್ತಿದಳು. "ಆ ಕಂಪ್ಯೂಟರ್‌ನಲ್ಲಿ ಯಾರು ಯಾವಾಗ ಏನು ಮುಟ್ಟಿದ್ರು ಅಂತ ಬರ್ಕೊಂಡಿರುತ್ತಲ್ಲ, ಅದನ್ನ ನೋಡಿದ್ಯಾ?"

ನೋಡಿರಲಿಲ್ಲ. ಪ್ರೀತಿಸಿದವನ ಫೈಲಿನ ಇತಿಹಾಸ ತೆಗೆದು ನೋಡುವುದು ಜೇಬಿಗೆ ಕೈ ಹಾಕಿದ ಹಾಗೆ ಎಂದು ಅವಳು ಭಾವಿಸಿದ್ದಳು. ಅಂದು ನೋಡಿದಳು.

ಕ್ಯೂ ಏಳರ ಸಿಂಬಲ್ಲಿನಲ್ಲಿ ಎರಡು ತಿದ್ದುಪಡಿಗಳಿದ್ದವು, ಎರಡೂ ಅವನ ಹೆಸರಿನಲ್ಲಿ. ಮೊದಲನೆಯದು ಸಹಿ ಬಿದ್ದ ದಿನ ಸಂಜೆ ಆರು ಹತ್ತಕ್ಕೆ. ಹೊಸ ಚೆಂದದ ಸಿಂಬಲ್, ಅದರಲ್ಲಿ ಎರಡನೇ ಕಾಲು ಡ್ರೇನ್, ಮೂರನೆಯದು ಸೋರ್ಸ್. ಅದು ಕೈತಪ್ಪು, ಯಾರಿಗೂ ಆಗಬಹುದು.

ಎರಡನೆಯದು ಇಂದು ಬೆಳಿಗ್ಗೆ. ಎರಡು ಮೂರಾಗಿತ್ತು, ಮೂರು ಎರಡಾಗಿತ್ತು, ಚಿತ್ರ ಮತ್ತೆ ಸರಿಯಾಗಿತ್ತು. ಸಮಯ ಒಂಬತ್ತು ನಲವತ್ತು.

ಮೀಟಿಂಗ್ ಹತ್ತೂವರೆಗೆ.

ಅವಳು ಆ ಸಾಲನ್ನು ಎಷ್ಟು ಸಲ ಓದಿದಳೋ. ಐವತ್ತು ನಿಮಿಷ ಮೊದಲೇ ಅವನಿಗೆ ತನ್ನ ತಪ್ಪು ಗೊತ್ತಿತ್ತು. ಗೊತ್ತಿದ್ದೇ ಸಿಂಬಲ್ ತಿದ್ದಿ, ಗೊತ್ತಿದ್ದೇ ಹಾಳೆ ಹಿಡಿದು ಎದ್ದು ನಿಂತಿದ್ದ. ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದಳು.

ಆ ಸಾಲನ್ನು ಪ್ರಿಂಟ್ ಹಾಕಿ ಚೀಫ್ ಮೇಜಿನ ಮೇಲಿಡಲು ಎರಡು ನಿಮಿಷ ಸಾಕಿತ್ತು. ಇಡಲಿಲ್ಲ. ಅವನೇ ಬಾಯಿಬಿಟ್ಟು ಹೇಳಲಿ ಎಂಬುದು ಅವಳ ಹಟ. ಹಟ ಎಂದರೂ ಸರಿ, ಆಸೆ ಎಂದರೂ ಸರಿ. ಅವನು ಹೇಳಿದರೆ ಆ ಐವತ್ತು ನಿಮಿಷವನ್ನು ಹೊಟ್ಟೆಗೆ ಹಾಕಿಕೊಳ್ಳಲು ಅವಳು ತಯಾರಿದ್ದಳು. ಭಾನುವಾರಕ್ಕೆ ಇನ್ನೂ ಎರಡು ವಾರವಿತ್ತು.

ದಿನವೂ ಅವನು ಅವಳ ಪಕ್ಕ ಕೂತು ಅವಳ ಫುಟ್‌ಪ್ರಿಂಟುಗಳನ್ನು ಪರೀಕ್ಷೆ ಮಾಡಿದ, ಸಹಿ ಹಾಕಿದ. ದಿನವೂ ಅವಳು ಅವನ ಪೆನ್ನಿನ ತುದಿಯನ್ನು ನೋಡಿದಳು. ಅವನ ಕಿವಿ ಮಾತ್ರ ಕೆಂಪಾಗುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ.

ಐದನೇ ದಿನ ಟೀ ಲೋಟಗಳನ್ನು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾಗ ಅವಳೇ ಕೇಳಿದಳು. "ನಂಗೆ ಹೇಳೋದೇನಾದ್ರೂ ಇದೆಯಾ?"

ಅವನು ಲೋಟದೊಳಗೆ ನೋಡಿದ. "ಇದೆ."

"ಹೇಳು."

"ನೀನಿಲ್ದೆ ಇರೋಕಾಗಲ್ಲ ನಂಗೆ. ಇತ್ತೀಚೆಗೆ ನೀನು ಸರಿಯಾಗಿ ನಗೋದೇ ಇಲ್ಲ. ನನಗೆ ಊಟ ಸೇರ್ತಿಲ್ಲ."

ಮಾತು ನಿಜವಾಗಿತ್ತು, ಅದು ಅವಳಿಗೆ ಗೊತ್ತಾಯಿತು. ಅವನು ಸೊರಗಿದ್ದ. ಮುಂಗುರುಳು ಹಣೆಗೆ ಬಿದ್ದಿತ್ತು, ಅದನ್ನು ಹಿಂದಕ್ಕೆ ಸರಿಸಬೇಕೆಂದು ಅವಳ ಬೆರಳು ತುಡಿಯಿತು. ಮೋಸ ಮಾಡಿದವನ ಮುಖವೂ ಮೊದಲಿನಷ್ಟೇ ಮುದ್ದಾಗಿರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಬೇರೇನೂ ಇಲ್ವಾ?"

"ಬೇರೇನು?" ಎಂದ ಅವನು. ಟೀ ಆರಿಹೋಗಿತ್ತು, ಇಬ್ಬರೂ ಕುಡಿಯಲಿಲ್ಲ.

ಒಂಬತ್ತನೇ ದಿನ ಚೀಫ್ ಅವಳನ್ನು ಕರೆದು, ಒಂದನೇ ತಾರೀಕಿನಿಂದ ಬೋರ್ಡ್ ಬರೆಯೋದು ಬಿಟ್ಟು ಸ್ಟೋರ್ ನೋಡಿಕೊಳ್ಳಮ್ಮ, ಅಲ್ಲಿ ಇಷ್ಟು ತಲೆನೋವು ಇರಲ್ಲ, ಎಂದರು. ಹತ್ತು ವರ್ಷದಿಂದ ಸೂಜಿಮೊನೆಯಷ್ಟು ಚುಕ್ಕೆಗಳನ್ನು ಬರೆದು ಕಲಿತ ಕೈ ಇನ್ನು ಡಬ್ಬಿಗಳಿಗೆ ಚೀಟಿ ಅಂಟಿಸಬೇಕು. ಅವಳು "ಆಗಲಿ ಸರ್" ಎಂದಳು. ಹೊರಗೆ ಬಂದಾಗ ಗೆರೆರಾಯ ಬಾಗಿಲ ಹತ್ತಿರವೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಅವನ ಮುಖ ಬಿಳುಚಿಕೊಂಡಿತ್ತು.

ಮಾರನೆಯ ಬೆಳಿಗ್ಗೆ ಎಲ್ಲರೂ ಸೇರುವ ಮೀಟಿಂಗಿನಲ್ಲಿ ಅವನು ಕೈ ಎತ್ತಿದ.

"ಸರ್, ನಾನೊಂದು ಮಾತು ಹೇಳ್ಬೇಕು. ಕ್ಯೂ ಏಳರ ತಪ್ಪು ಅವರದ್ದಲ್ಲ. ನಂದು."

ಅವಳ ಮೈಯೆಲ್ಲ ಹಗುರಾಯಿತು. ಹೇಳಿದ! ತಡವಾಗಿ ಹೇಳಿದ, ಆದರೆ ಹೇಳಿದ. ಈ ಹತ್ತು ದಿನ ಹೊತ್ತಿದ್ದ ಭಾರ ಒಂದೇ ಏಟಿಗೆ ಇಳಿದಂತಾಗಿ, ಅವಳು ಆ ಕ್ಷಣದಲ್ಲಿ ಅವನನ್ನು ಯಾವತ್ತಿಗಿಂತಲೂ ಹೆಚ್ಚು ಪ್ರೀತಿಸಿದಳು.

"ಸಹಿಯಾದ ಮೇಲೆ ನಾನು ಸಿಂಬಲ್ ಬದಲಾಯಿಸಿದ್ದೆ. ಅದರಲ್ಲಿ ಎರಡು ಮೂರು ಅದಲುಬದಲಾಗಿತ್ತು. ನನಗೆ ಗೊತ್ತೇ ಇರ್ಲಿಲ್ಲ ಸರ್. ನಿನ್ನೆ ಸಂಜೆ ಏನೋ ಅನುಮಾನ ಬಂದು ಹಳೇ ಫೈಲೆಲ್ಲಾ ತೆಗೆದು ನೋಡ್ದೆ. ಆಗ ಗೊತ್ತಾಯ್ತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ."

ನಿನ್ನೆ ಸಂಜೆ.

ಚೀಫ್ ಎದ್ದು ಬಂದು ಅವನ ಬೆನ್ನು ತಟ್ಟಿದರು. "ನೋಡಿ, ಇದು ಧೈರ್ಯ ಅಂದ್ರೆ. ಯಾರೂ ಕೇಳದೆ ತಾನಾಗಿ ಎದ್ದು ಹೇಳೋಕೆ ಗುಂಡಿಗೆ ಬೇಕು." ಯಾರೋ ಚಪ್ಪಾಳೆ ಶುರುಮಾಡಿದರು, ಕೋಣೆಯೆಲ್ಲ ಸೇರಿಕೊಂಡಿತು. ಸದ್ದಡಗಿದ ಮೇಲೆ ಚೀಫ್‌ಗೆ ಅವಳ ನೆನಪಾಯಿತು. "ಹಾಂ, ನಿನ್ನ ಸಹಿ ನಿನಗೆ ವಾಪಸ್ಸಮ್ಮ. ಸ್ಟೋರೂ ಬೇಡ. ಆದ್ರೂ ಮತ್ತೆ ಓದದೆ ದಾರಿ ಎಳೆದದ್ದು ನಿಂದೂ ತಪ್ಪೇ. ಇನ್ನು ಸ್ವಲ್ಪ ಹುಷಾರಾಗಿರು."

"ಸರಿ ಸರ್," ಎಂದಳು. ಸೋಲ್ಡರ್ ಅಕ್ಕ ಒಬ್ಬಳೇ ಚಪ್ಪಾಳೆ ತಟ್ಟದೆ ಅವಳ ಮುಖ ನೋಡುತ್ತಿದ್ದಳು.

ಮೆಟ್ಟಿಲ ಹತ್ತಿರ ಅವನು ಓಡಿಬಂದು ಅವಳನ್ನು ಹಿಡಿದ. ಕಣ್ಣುಗಳು ಹೊಳೆಯುತ್ತಿದ್ದವು. "ಹೇಳ್ಬಿಟ್ಟೆ ಕಣೇ! ಎದೆ ಎಷ್ಟು ಹಗುರ ಆಯ್ತು ಗೊತ್ತಾ? ಈಗ ಎಲ್ಲಾ ಸರಿಹೋಯ್ತಲ್ಲ?"

"ಒಂಬತ್ತು ನಲವತ್ತು," ಎಂದಳು ಅವಳು.

"ಏನು?"

"ಮೀಟಿಂಗ್ ದಿನ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಸಿಂಬಲ್ ತಿದ್ದಿದ್ದೀಯ. ಅವತ್ತು ಮಧ್ಯಾಹ್ನವೇ ನೋಡಿದೆ."

ಹೊಳಪು ಅವನ ಕಣ್ಣಿನಿಂದ ಜಾರಿಹೋಯಿತು. ಗೋಡೆಗೆ ಒರಗಿದ. "ಹತ್ತು ದಿನದಿಂದ ಗೊತ್ತಿತ್ತಾ? ಗೊತ್ತಿದ್ದೂ ಸುಮ್ಮನಿದ್ಯಾ? ನನ್ನ ಪರೀಕ್ಷೆ ಮಾಡ್ತಿದ್ಯಾ?" ಎಂದ.

"ಕಾಯ್ತಿದ್ದೆ."

"ನಂಗೆ ಭಯ ಆಗಿತ್ತು, ಹೆಜ್ಜೆ. ಸೇರಿ ವರ್ಷ ಆಗಿಲ್ಲ, ತೆಗೆದುಹಾಕ್ತಾರೆ ಅಂತ. ನಿನ್ನನ್ನ ತೆಗೆಯಲ್ಲ, ನೀನು ಹಳಬಳು ಅಂತ ಧೈರ್ಯ ಇತ್ತು. ಆಮೇಲೆ ಹೇಳೋಣ ಹೇಳೋಣ ಅಂತ..."

"ಭಯಪಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ. ನಾನೂ ಪುಕ್ಕಲಿನೇ." ಅವಳು ಅವನ ಕಡೆ ತಿರುಗಿದಳು. "ಇವತ್ತು ನೀನು ಎದ್ದು ನಿಂತಾಗ ನಾನು ಎಲ್ಲಾ ಮರೆತಿದ್ದೆ ಕಣೋ. ನಿಜವಾಗ್ಲೂ. ನಿನ್ನೆ ಸಂಜೆ ಅಂದೆಯಲ್ಲ, ಆಗ ಮತ್ತೆ ನೆನಪಾಯ್ತು."

"ಅದೊಂದು ಮಾತು ತಾನೇ? ಈಗಲೇ ಹೋಗಿ ಅದನ್ನೂ ಹೇಳ್ತೀನಿ."

"ಹೇಳ್ತೀಯ, ನಾನು ಹಿಡಿದೆ ಅಂತ ಹೇಳ್ತೀಯ." ಅವಳು ಕಣ್ಣೊರೆಸಿಕೊಂಡಳು. "ನಾಳೆ ನೀನು ಅರ್ಧ ಗಂಟೆ ತಡವಾಗಿ ಬಂದ್ರೆ ಎಲ್ಲಿದ್ದೆ ಅಂತ ನಾನು ಕೇಳ್ತೀನಿ. ನೀನು ಹೇಳಿದ್ದು ನಿಜವೇ ಇರುತ್ತೆ. ಆದ್ರೂ ನೀನು ಸ್ನಾನಕ್ಕೆ ಹೋದಾಗ ನಿನ್ನ ಫೋನ್ ತೆಗೆದು ನೋಡ್ತೀನಿ. ಅಂಥ ಹೆಂಡತಿ ಆಗೋಕೆ ನಂಗಿಷ್ಟ ಇಲ್ಲ."

ಅವನ ಕಿವಿ ಕೆಂಪಾಗಿರಲಿಲ್ಲ, ಮುಖವೆಲ್ಲ ಬೂದಿಯಾಗಿತ್ತು. ಅವಳು ಅವನ ಹಣೆಯ ಮೇಲಿನ ಕೂದಲನ್ನು ಒಮ್ಮೆ, ಒಂದೇ ಒಂದು ಸಲ, ಹಿಂದಕ್ಕೆ ಸರಿಸಿದಳು. ಅವನು ಕಣ್ಣು ಮುಚ್ಚಿಕೊಂಡ. ತೆರೆಯುವಷ್ಟರಲ್ಲಿ ಅವಳು ಮೆಟ್ಟಿಲಿಳಿದಿದ್ದಳು.

ಕಟ್ಟಡದ ಹಿಂದೆ, ಖಾಲಿ ಪೆಟ್ಟಿಗೆಗಳನ್ನು ಒಟ್ಟಿದ್ದ ಕಡೆ ನಿಂತು ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಭಾನುವಾರ ಅವರು ಬರೋದು ಬೇಡ ಅಂತ ಹೇಳ್ಬಿಡು."

"ಅಯ್ಯೋ, ಯಾಕೇ? ಏನಾಯ್ತು? ಜಗಳ ಆಡಿದ್ರಾ?"

"ಇಲ್ಲ."

"ಹುಡುಗ ಏನಾದ್ರೂ ಅಂದನಾ? ಅಷ್ಟು ಒಳ್ಳೆಯವನು..."

"ಏನೂ ಅನ್ನಲಿಲ್ಲಮ್ಮ."

ಅಮ್ಮನ ಕಡೆ ನಲ್ಲಿಯಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು, ಆಮೇಲೆ ಅದು ನಿಂತಿತು. "ಮನಸ್ಸಿಂದ ಹೋದನಾ ಪುಟ್ಟಾ?"

"ಹೋಗಿಲ್ಲ," ಎಂದಳು ಅವಳು, ಅಳು ಒತ್ತರಿಸಿ ಬಂತು. "ಅದಕ್ಕೇ ಈಗಲೇ ಫೋನ್ ಮಾಡಮ್ಮ. ಭಾನುವಾರದವರೆಗೆ ಬಿಟ್ರೆ ನಾನೇ ಅವರಿಗೆ ಬಾಗಿಲು ತೆಗೀತೀನಿ."